ತೈಲಮೀಮಾಂಸೆ: ಹತ್ತು ನಿಮಿಷದ ವಾರ್ಮ್‌ಅಪ್‌ನಲ್ಲಿ ಲೇನ್ ಅರಿಯುವ ಶಾಸ್ತ್ರ

ಈ ಶಾಸ್ತ್ರದ ಮೊದಲ ಸೂತ್ರ ಇಷ್ಟೇ: ಎಣ್ಣೆ ಇದೆ, ಕಾಣುವುದಿಲ್ಲ. ಮಿಕ್ಕಿದ್ದೆಲ್ಲ ಭಾಷ್ಯ.

ಶಾಸ್ತ್ರಕ್ಕೆ ಕೈಹಾಕುವವನು ಮೊದಲು ಅನುಬಂಧ ಚತುಷ್ಟಯವನ್ನು ಹೇಳಿ ಮುಗಿಸಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಟೆನ್‌ಪಿನ್ ಬೌಲಿಂಗ್ ಲೇನಿಗೆ ಬಳಿದ ಎಣ್ಣೆ. ಪ್ರಯೋಜನ: ಮೊದಲ ಗೇಮಿನಲ್ಲೇ 130 ಹೊಡೆದು ಮುಖ ಸಣ್ಣ ಮಾಡಿಕೊಳ್ಳದಿರುವುದು. ಅಧಿಕಾರಿ: ಎಂಟ್ರಿ ಫೀ ಕಟ್ಟಿ, ಸ್ವಂತ ಬೂಟು ತಂದವನು. ಸಂಬಂಧ: ಇವನಿಗೂ ಎಣ್ಣೆಗೂ ಇರುವುದು ಹತ್ತು ನಿಮಿಷದ ಸಂಬಂಧ, ಆಮೇಲೆ ಸ್ಕೋರು ಶುರು. ಭಾನುವಾರ ಮಾಲಿಗೆ ಬಂದು, ಬಾಡಿಗೆ ಬೂಟು ಹಾಕಿ, ಮಧ್ಯೆಮಧ್ಯೆ ಪಾಪ್‌ಕಾರ್ನ್ ಮೆಲ್ಲುತ್ತ ಆಡುವವರಿಗೆ ಈ ಶಾಸ್ತ್ರ ನಿಷಿದ್ಧವೇನಲ್ಲ, ಅನವಶ್ಯಕ. ಅವರ ಚೆಂಡು ನೆಟ್ಟಗೆ ಹೋಗುತ್ತದೆ. ನೆಟ್ಟಗೆ ಹೋಗುವುದಕ್ಕೆ ಮೀಮಾಂಸೆ ಯಾಕೆ?

ಈಗ ವಸ್ತುಸ್ಥಿತಿ. ಫೌಲ್ ಲೈನಿನಿಂದ ಮುಂದಿನ ಪಿನ್ನಿಗೆ 60 ಅಡಿ. ಅಗಲ 41.5 ಇಂಚು, ಅದರಲ್ಲಿ 39 ಬೋರ್ಡು, ಅಂದರೆ ಉದ್ದುದ್ದ ಪಟ್ಟಿ. ಈ ನೆಲದ ಮೇಲೆ ಯಂತ್ರವೊಂದು ಓಡಾಡಿ ಎಣ್ಣೆ ಬಳಿಯುತ್ತದೆ. ಎಷ್ಟು? ಸುಮಾರು 25 ಮಿಲಿಲೀಟರ್, ಅಂದರೆ ಐದು ಟೀ ಚಮಚ. ಒಂದು ಬಾಣಲೆ ಚಿತ್ರಾನ್ನದ ಒಗ್ಗರಣೆಗೂ ಅದು ಸಾಲದು. ಅದನ್ನೂ ಉದ್ದಕ್ಕೂ ಬಳಿಯುವುದಿಲ್ಲ. ಮೊದಲ 40 ಅಡಿಯ ಆಸುಪಾಸಿಗೆ ಎಣ್ಣೆ, ಉಳಿದದ್ದು ಒಣ. ದಿನನಿತ್ಯದ ಗಿರಾಕಿಗಳಿಗೆ ನಡುವೆ ದಪ್ಪ, ಅಂಚಿಗೆ ತೆಳು. ಗುರಿ ತುಸು ತಪ್ಪಿದರೂ ಚೆಂಡು ದಾರಿಗೆ ಬರಲಿ ಎಂಬ ಕರುಣೆ ಅದರಲ್ಲಿದೆ. ದೊಡ್ಡ ಟೂರ್ನಿಗಳ ಮಾದರಿಯಲ್ಲಿ ಆ ಕರುಣೆಯನ್ನು ಬಹುಮಟ್ಟಿಗೆ ಕಿತ್ತುಕೊಂಡಿರುತ್ತಾರೆ. ಎಣ್ಣೆ ಮೊದಲು ಬಂದದ್ದು ಮರದ ಲೇನನ್ನು ಸವೆತದಿಂದ ಕಾಪಾಡಲು. ಈಗ ಬಹುತೇಕ ಕಡೆ ಸಿಂಥೆಟಿಕ್ ಲೇನು. ಕಾಪಾಡಬೇಕಾದ ಮರ ಹೋಯಿತು, ಎಣ್ಣೆ ಉಳಿಯಿತು. ಆಚಾರಗಳು ಹೀಗೇ ಅಲ್ಲವೆ!

ಎಣ್ಣೆ ಇರುವಷ್ಟು ದೂರ ಚೆಂಡು ಜಾರುತ್ತದೆ, ಒಣ ನೆಲ ಸಿಕ್ಕಲ್ಲಿ ಕಚ್ಚಿಕೊಂಡು ತಿರುಗುತ್ತದೆ. ಬಲಗೈ ಆಟಗಾರನ ಚೆಂಡು 1 ಮತ್ತು 3ನೇ ಪಿನ್ನಿನ ನಡುವಿನ ಪಾಕೆಟ್ಟಿಗೆ ಸುಮಾರು 6 ಡಿಗ್ರಿ ಓರೆಯಲ್ಲಿ ನುಗ್ಗಿದರೆ ಹತ್ತೂ ಬೀಳುವ ಸಂಭವ ಹೆಚ್ಚು. ಆದ್ದರಿಂದ ಅರಿಯಬೇಕಾದದ್ದು ಒಂದೇ: ತಿರುಗುವುದು ಎಲ್ಲಿ?

ಅರಿಯಲು ಪ್ರಮಾಣ ಬೇಕು. ಪ್ರತ್ಯಕ್ಷ ಇಲ್ಲಿ ಸೋತ ಪ್ರಮಾಣ. ಎಣ್ಣೆಗೆ ಬಣ್ಣವಿಲ್ಲ. ಬಗ್ಗಿ ಬೆರಳಿಟ್ಟು ನೋಡೋಣವೆಂದರೆ ಫೌಲ್ ಲೈನ್ ದಾಟುವಂತಿಲ್ಲ. ತಲೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ, ಹೊಳಪು ನೋಡಿ ನಿರ್ಣಯಿಸುವವರಿದ್ದಾರೆ. ಅವರು ನೋಡಿದ್ದು ಚಾವಣಿಯ ದೀಪ. ಅಮೆರಿಕದ ವೃತ್ತಿಪರ ಪಂದ್ಯಗಳಲ್ಲಿ ಟೀವಿ ನೋಡುವವರಿಗೆ ಕಾಣಲೆಂದು ಎಣ್ಣೆಗೆ ನೀಲಿ ಬಣ್ಣ ಬೆರೆಸಿದ್ದುಂಟು. 1988ರ ಸಿಯೋಲ್ ಒಲಿಂಪಿಕ್ಸಿಗೆ ಪ್ರದರ್ಶನದ ಆಟವಾಗಿ ಹೋದ ಬೌಲಿಂಗನ್ನು ಮತ್ತೆ ಅಲ್ಲಿಗೆ ಕರೆದಿಲ್ಲ. ಆಟದ ಅರ್ಧ ಭಾಗ ಅದೃಶ್ಯವಾಗಿದ್ದರೆ ಯಾರು ತಾನೆ ಕರೆಯುತ್ತಾರೆ ಎಂಬುದು ನಮ್ಮ ಸ್ವಂತ ಊಹೆ, ಶಾಸ್ತ್ರಸಮ್ಮತವಲ್ಲ.

ಉಳಿದದ್ದು ಅನುಮಾನ. ಹೊಗೆ ಕಂಡರೆ ಬೆಟ್ಟದಲ್ಲಿ ಬೆಂಕಿಯಿದೆ ಎಂದು ನೈಯಾಯಿಕರು ಹೇಳಿದಂತೆ ನಮ್ಮವರು ಹೇಳುತ್ತಾರೆ: ಚೆಂಡು ತಿರುಗಲಿಲ್ಲ, ಆದ್ದರಿಂದ ಎಣ್ಣೆ ಜಾಸ್ತಿ. ಚೆಂಡು ಬೇಗ ತಿರುಗಿತು, ಆದ್ದರಿಂದ ಲೇನ್ ಡ್ರೈ. ಕೇಳಲು ಸೊಗಸಾಗಿದೆ. ಆದರೆ ಹಸಿ ಸೌದೆ ಇಲ್ಲದೆ ಬೆಂಕಿಗೆ ಹೊಗೆ ಬಾರದೆಂದು ಅದೇ ನೈಯಾಯಿಕರು ಉಪಾಧಿ ಎಂಬ ಕೊಕ್ಕೆಯನ್ನೂ ಇಟ್ಟು ಹೋಗಿದ್ದಾರೆ. ಇಲ್ಲಿಯ ಉಪಾಧಿ ಎಸೆದವನ ಕೈ. ವಾರ್ಮ್‌ಅಪ್‌ನ ಮೊದಲ ಎಸೆತದಲ್ಲಿ ಭುಜ ಇನ್ನೂ ಮನೆಯಲ್ಲೇ ಇರುತ್ತದೆ. ವೇಗ ಕಡಿಮೆ, ಆದ್ದರಿಂದ ಚೆಂಡು ಬೇಗ ತಿರುಗುತ್ತದೆ. ಕೊನೆಯ ಎಸೆತದ ಹೊತ್ತಿಗೆ ಮೈ ಬಿಸಿಯೇರಿ, ಗಡಿಯಾರ ನೋಡಿ ಕೈ ಜೋರಾಗಿ, ಅದೇ ಚೆಂಡು ತಿರುಗದೆ ಸಾಗಿಹೋಗುತ್ತದೆ. ನಡುವಿನ ಹತ್ತು ನಿಮಿಷದಲ್ಲಿ ಎಣ್ಣೆ ಹೆಚ್ಚಾಯಿತೆಂದು ಆಟಗಾರ ಸಿದ್ಧಾಂತ ಕಟ್ಟುತ್ತಾನೆ. ಯಾರೂ ಸುರಿಯದೆ ಎಣ್ಣೆ ಹೇಗೆ ಹೆಚ್ಚಾದೀತು ಎಂದು ಕೇಳಿದರೆ ಟವೆಲ್ ಹುಡುಕತೊಡಗುತ್ತಾನೆ.

ಅಂದಹಾಗೆ ಇಡೀ ಶಾಸ್ತ್ರದಲ್ಲಿ ನಂಬಬಹುದಾದ ಒಂದೇ ಬರಹವನ್ನು ಆ ಟವೆಲ್ಲೇ ಅಳಿಸುತ್ತದೆ. ಚೆಂಡು ಹಿಂತಿರುಗಿ ಬಂದಾಗ ಬೆಳಕಿಗೆ ಹಿಡಿದು ನೋಡಿ. ಮೈಮೇಲೆ ಸಣ್ಣ ಸಣ್ಣ ಎಣ್ಣೆಯ ಉಂಗುರಗಳಿರುತ್ತವೆ. ಚೆಂಡು ಉರುಳುವಾಗ ಅದರ ಅಕ್ಷ ಸರಿಯುತ್ತ ಹೋಗುವುದರಿಂದ ಪ್ರತಿ ಸುತ್ತಿನ ಗೆರೆಯೂ ಹಿಂದಿನದರ ಪಕ್ಕಕ್ಕೆ ಬೀಳುತ್ತದೆ. ಗೆರೆಗಳೆಲ್ಲ ಎರಡು ಕಡೆ ಒಂದಕ್ಕೊಂದು ಹೆಣೆದುಕೊಂಡು, ನಡುವೆ ಬೀಸಣಿಗೆ ಬಿಚ್ಚಿದ ಹಾಗೆ ಹರಡಿರುತ್ತವೆ. ಗೆರೆ ದಟ್ಟವಾಗಿದ್ದರೆ ಎಣ್ಣೆ ಇನ್ನೂ ಇದೆ. ಎಳೆಎಳೆಯಾಗಿ ಬಿಟ್ಟುಬಿಟ್ಟು ಬಂದರೆ ಹೋದ ದಾರಿ ಸವೆದಿದೆ. ಹತ್ತರಲ್ಲಿ ಒಂಬತ್ತು ಮಂದಿ ಇದನ್ನು ಓದುವ ಮೊದಲೇ ಒರೆಸಿಬಿಡುತ್ತಾರೆ, ಏಕೆಂದರೆ ಚೆಂಡು ಹಿಂದಿರುಗಿದೊಡನೆ ಒರೆಸಬೇಕೆಂದು ಕೋಚ್ ಹೇಳಿಕೊಟ್ಟಿದ್ದಾರೆ. ಓದಿ ಒರೆಸಿ ಎಂದು ಹೇಳಲು ಮರೆತರು.

ಶಬ್ದಪ್ರಮಾಣಕ್ಕೆ ಬರೋಣ. ಆಪ್ತನ ಮಾತು ಪ್ರಮಾಣವೆಂದು ಶಾಸ್ತ್ರ. ಬೆಂಗಳೂರಿನ ಯಾವ ಬೌಲಿಂಗ್ ಸೆಂಟರಿನಲ್ಲಾದರೂ ಪಂದ್ಯದ ಬೆಳಿಗ್ಗೆ ಈ ಸಂವಾದ ಕೇಳಿಸುತ್ತದೆ:

“ಏನ್ ಗುರು, ಲೇನ್ ಹೆಂಗಿದೆ?”

“ಅಯ್ಯೋ ಬಿಡು ಮಗಾ, ಫುಲ್ ಆಯಿಲ್ಲು. ಏನೂ ತಿರುಗ್ತಾ ಇಲ್ಲ.”

“ಹೌದಾ? ನಂಗೆ ಡ್ರೈ ಅನ್ನಿಸ್ತು.”

“ಆ ಕಡೆ ಡ್ರೈ ಇರ್ಬೋದು ನೋಡು.”

ಯಥಾರ್ಥ ಹೇಳುವವನು ಆಪ್ತ. ನಿಮ್ಮ ಎದುರು ಅರ್ಧ ಗಂಟೆಯಲ್ಲಿ ಆಡಬೇಕಾದವನು ಯಥಾರ್ಥ ಹೇಳಲು ಅವನಿಗೇನು ಹರಕೆಯೆ? ಸುಳ್ಳನ್ನೇ ಹೇಳುತ್ತಾನೆ ಎಂದೂ ನಂಬುವಂತಿಲ್ಲ, ಅವನಿಗೂ ಗೊತ್ತಿಲ್ಲದೆ ಇರಬಹುದು. ನಿಜವಾದ ಆಪ್ತ ಪಿನ್ನುಗಳ ಹಿಂಬದಿಯಲ್ಲಿ ಗ್ರೀಸಿನ ಕೈ ಒರೆಸಿಕೊಳ್ಳುವ ಮೆಕ್ಯಾನಿಕ್. ಯಂತ್ರ ಓಡಿಸಿ ಎಣ್ಣೆ ಹಾಕುವುದು ಅವನೇ. ಅವನನ್ನು ಯಾರೂ ಕೇಳುವುದಿಲ್ಲ.

ಗೋಡೆಗೆ ಅಂಟಿಸಿದ ಪ್ಯಾಟರ್ನ್ ಹಾಳೆಯೂ ಶಬ್ದಪ್ರಮಾಣವೇ. ಅದನ್ನು ನೋಡಿದೊಡನೆ ಎಲ್ಲರೂ 31ರ ಮಂತ್ರ ಜಪಿಸುತ್ತಾರೆ: ಎಣ್ಣೆಯ ಉದ್ದದಿಂದ 31 ಕಳೆ. 40 ಅಡಿಯಾದರೆ 9, ಅಂದರೆ ಎಣ್ಣೆ ಮುಗಿಯುವಲ್ಲಿ ಬಲಗೈಯವನ ಚೆಂಡು ಬಲ ಅಂಚಿನಿಂದ 9ನೇ ಬೋರ್ಡಿನ ಸುತ್ತಮುತ್ತ ಇರಬೇಕು. ಲೆಕ್ಕ ಕೆಟ್ಟದ್ದಲ್ಲ, ಶುರುಮಾಡಲು ಒಂದು ಜಾಗ ಸಿಗುತ್ತದೆ. ಆದರೆ ಹಾಳೆ ಹೇಳುವುದು ಬೆಳಿಗ್ಗೆ ಏನು ಬಳಿದರೆಂಬುದನ್ನು, ಈಗ ಏನು ಉಳಿದಿದೆ ಎಂಬುದನ್ನಲ್ಲ. ಅದಕ್ಕೆ ಅರ್ಥಾಪತ್ತಿ ಬೇಕು. ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದು ಅರ್ಥ. 10ನೇ ಬೋರ್ಡಿನಲ್ಲಿ ಚೆಂಡು ಸರಕ್ಕನೆ ತಿರುಗಿದರೆ, ಹಿಂದಿನ ಸರದಿಯವರು ಅಲ್ಲಿಯ ಎಣ್ಣೆಯನ್ನು ಉಂಡು ಹೋಗಿದ್ದಾರೆಂದು ಅರ್ಥ. ಉಪಮಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಳೆದ ತಿಂಗಳ ಲೇನಿನ ನೆನಪಿನಲ್ಲಿ ಈ ತಿಂಗಳು ಆಡುವವರ ಸ್ಕೋರೇ ಸಾಕು.

ಇಲ್ಲಿ ಬೌದ್ಧ ಆಟಗಾರ ಎದ್ದು ನಿಂತು ಎಲ್ಲವನ್ನೂ ಕ್ಷಣಿಕವೆನ್ನುತ್ತಾನೆ. ಅವನ ಮಾತನ್ನು ತಳ್ಳಿಹಾಕುವುದು ಕಷ್ಟ. 1990ರ ದಶಕದ ಆರಂಭದಿಂದ ಬಂದ ರಿಯಾಕ್ಟಿವ್ ರೆಸಿನ್ ಚೆಂಡುಗಳು ಎಣ್ಣೆಯನ್ನು ಹೀರುತ್ತವೆ. ಒಂದು ಜೋಡಿ ಲೇನಿಗೆ ಆರು ಮಂದಿ, ತಲೆಗೆ ಏಳೆಂಟು ಎಸೆತ. ಹತ್ತನೇ ನಿಮಿಷಕ್ಕೆ ನೀವು ತಿಳಿದುಕೊಂಡ ಲೇನು ಅಲ್ಲಿರುವುದೇ ಇಲ್ಲ, ಅದನ್ನು ತಿಳಿದುಕೊಳ್ಳುವ ಕೆಲಸವೇ ಅಳಿಸಿದೆ. ಇದನ್ನು ಒಪ್ಪದವರು ಎಡಗೈ ಆಟಗಾರರು ಮಾತ್ರ. ಅವರ ಕಡೆಯ ಬೋರ್ಡುಗಳಲ್ಲಿ ಓಡಾಟ ಕಡಿಮೆ, ಎಣ್ಣೆ ಬಹಳ ಹೊತ್ತು ಇದ್ದ ಹಾಗೇ ಇರುತ್ತದೆ. ಆದ್ದರಿಂದ ಅವರು ನಿತ್ಯವಾದಿಗಳು. ಬಲಗೈಯವರು ಅವರ ಬಗ್ಗೆ ಆಡುವ ಮಾತು ಪ್ರಬಂಧಕ್ಕೆ ತಕ್ಕುದಲ್ಲ.

ಇನ್ನು ಜೋಡಿ ಲೇನುಗಳ ದ್ವೈತ. ಫ್ರೇಮಿಗೊಮ್ಮೆ ಲೇನು ಬದಲಿಸುತ್ತ ಆಡಬೇಕು. ಎರಡಕ್ಕೂ ಒಂದೇ ಯಂತ್ರ ಒಂದೇ ಎಣ್ಣೆ ಬಳಿದರೂ ನೆಲ ಒಂದೇ ಅಲ್ಲ. ನಿಯಮದ ಪ್ರಕಾರ ಮೇಲ್ಮೈಯ ಏರುತಗ್ಗು ಇಂಚನ್ನು 1000 ಪಾಲು ಮಾಡಿದರೆ 40 ಪಾಲು ಮೀರಬಾರದು, ಅಂದರೆ ಸುಮಾರು 1 ಮಿಲಿಮೀಟರ್. ಆ ಒಂದು ಮಿಲಿಮೀಟರಿನೊಳಗೆ ಎಡ ಲೇನು ಕೈಹಿಡಿಯುತ್ತದೆ, ಬಲ ಲೇನು ಕೈಕೊಡುತ್ತದೆ. ಆದರೂ ವಾರ್ಮ್‌ಅಪ್‌ನಲ್ಲಿ ಸ್ಟ್ರೈಕ್ ಬಿದ್ದ ಲೇನಿನಲ್ಲೇ ಮತ್ತೆ ಮತ್ತೆ ಎಸೆಯುವವರೇ ಹೆಚ್ಚು. ಭಕ್ತಿ ಒಳ್ಳೆಯದು, ಆದರೆ ಇನ್ನೊಂದು ಲೇನಿನಲ್ಲೂ ಐದು ಫ್ರೇಮ್ ಆಡಲಿಕ್ಕಿದೆ.

ಸಿದ್ಧಾಂತ ಹೇಳಿಬಿಡುತ್ತೇನೆ. ವಾರ್ಮ್‌ಅಪ್ ಇರುವುದು ತಿಳಿಯುವುದಕ್ಕೆ, ಬೀಳಿಸುವುದಕ್ಕಲ್ಲ. ಮೊದಲೆರಡು ಎಸೆತ ಭುಜಕ್ಕೆ ಬಿಟ್ಟುಬಿಡಿ, ಅದರಿಂದ ಯಾವ ಪಾಠವನ್ನೂ ಕಲಿಯಬೇಡಿ. ಆಮೇಲೆ ಒಂದೇ ವೇಗದಲ್ಲಿ ಒಂದನ್ನು ನಿಮ್ಮ ರೂಢಿಯ ದಾರಿಯಲ್ಲಿ, ಒಂದನ್ನು ಬೇಕೆಂದೇ 5ನೇ ಬೋರ್ಡಿನತ್ತ, ಒಂದನ್ನು ಒಳಗಡೆಯಿಂದ ಕಳಿಸಿ. ಹೊರಗೆ ಹೋದದ್ದು ವಾಪಸು ಬಂತೆ, ಒಳಗೆ ಹೋದದ್ದು ನಿಂತಿತೆ, ಅಷ್ಟು ನೋಡಿ. ಪಕ್ಕದ ಲೇನಿನಲ್ಲೂ ಹಾಗೇ. ಬೇಕೆಂದೇ ಗಟರ್ ಪಕ್ಕ ಎಸೆದವನನ್ನು ನೋಡಿ ಹಿಂದಿನ ಬೆಂಚಿನವರು ನಗುತ್ತಾರೆ, ನಗಲಿ. ತಪ್ಪು ಕಡೆಯ ಪಾಕೆಟ್ಟಿಗೆ ಬಿದ್ದು ಹತ್ತೂ ಉರುಳಿಸಿದ ಬ್ರೂಕ್ಲಿನ್ ಸ್ಟ್ರೈಕಿಗೆ ಅವರೇ ಚಪ್ಪಾಳೆ ತಟ್ಟುತ್ತಾರೆ.

ಇದು ಯಾರಿಗೂ ಗೊತ್ತಿಲ್ಲದ್ದೇನಲ್ಲ. ಆದರೆ ಎದುರಿಗೆ ಹತ್ತು ಪಿನ್ನು ನಿಂತಿರುವಾಗ 40ನೇ ಅಡಿಯಲ್ಲಿ ದೃಷ್ಟಿ ನಿಲ್ಲಿಸುವ ವೈರಾಗ್ಯ ಮನುಷ್ಯಮಾತ್ರರಿಗೆ ಇಲ್ಲ. ಆದಕಾರಣ ಸಂಘಟಕರಲ್ಲಿ ಒಂದು ಕೋರಿಕೆ. ಅಮೆರಿಕದ ಲೀಗುಗಳಲ್ಲಿ ಷ್ಯಾಡೋ ಬಾಲ್ ಎಂದು ಪಿನ್ನಿಲ್ಲದ ಲೇನಿಗೆ ಎಸೆಯುವ ರೂಢಿಯಿದೆ. ಪಿನ್ ಜೋಡಿಸುವ ಹೊತ್ತು ಉಳಿಯುವುದರಿಂದ ತಲೆಗೆ ಇನ್ನೂ ಕೆಲವು ಎಸೆತ ಹೆಚ್ಚು ಸಿಗುತ್ತದೆ. ನೋಡಲು ಬೇರೇನೂ ಇಲ್ಲದ್ದರಿಂದ ಎಲ್ಲರೂ ಲೇನನ್ನೇ ನೋಡುತ್ತಾರೆ. ವಾರ್ಮ್‌ಅಪ್ ಹತ್ತೇ ನಿಮಿಷ ಇರಲಿ, ಪಿನ್ನುಗಳನ್ನು ಮಾತ್ರ ದಯವಿಟ್ಟು ತೆಗೆದಿಡಿ.