ಯಾರ ಮನೆ ರಾಗ?

ನಮ್ಮ ಕಡೆ ಗುರುತಿಲ್ಲದ ಇಬ್ಬರು ಬಸ್‌ಸ್ಟಾಂಡಿನ ಒಂದೇ ಬೆಂಚಿನ ಮೇಲೆ ಕೂತರೆ ಮೊದಲು ಕೇಳಿಕೊಳ್ಳುವುದು ಎರಡೇ ಪ್ರಶ್ನೆ. ಯಾವೂರು? ಯಾರ ಪೈಕಿ? ಇವು ಇತ್ಯರ್ಥವಾಗುವವರೆಗೆ ಮಾತು ಮುಂದಕ್ಕೆ ಹೋಗುವುದಿಲ್ಲ, ಆದಮೇಲೆ ನಿಲ್ಲುವುದಿಲ್ಲ. ಮೂರನೇ ಸಾಲಿನ ರಾಯರೂ ದಿನಾ ಇವೇ ಪ್ರಶ್ನೆ ಕೇಳುತ್ತಾರೆ. ಮನುಷ್ಯರನ್ನಲ್ಲ, ರಾಗಗಳನ್ನು.

ಯುಗಾದಿಯ ಬೇವುಬೆಲ್ಲ ನಾಲಗೆಯ ಮೇಲಿರುವಾಗಲೇ ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಪೆಂಡಾಲುಗಳು ಏಳುತ್ತವೆ. ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿಯವರು 1939ರಲ್ಲಿ ಹಚ್ಚಿದ ರಾಮನವಮಿ ಕಛೇರಿಯ ದೀಪದಿಂದ ಕಿಡಿ ತಗೊಂಡು ಬೀದಿಗೊಂದು ಸಂಗೀತೋತ್ಸವ ಹೊತ್ತಿಕೊಂಡಿದೆ. ನಮ್ಮ ಕಾಲೇಜಿನಲ್ಲೂ ಏಳು ಸಂಜೆ ಕಛೇರಿ ನಡೆಯುತ್ತದೆ. ಹಿಂದೆ ಆಡಳಿತ ಮಂಡಳಿಯಲ್ಲಿದ್ದ ಒಬ್ಬರಿಗೆ ಸಂಗೀತದ ಹುಚ್ಚಿತ್ತು, ಹಾಗಾಗಿ ಶುರುವಾಯಿತು. ಈಗ ನ್ಯಾಕ್ ವರದಿಗೆ ಫೋಟೋ ಬೇಕು, ಹಾಗಾಗಿ ನಿಂತಿಲ್ಲ. ನಾನು ಕೆಮಿಸ್ಟ್ರಿ ಮೇಷ್ಟ್ರು. ಸಂಗೀತದ ಗಂಧಗಾಳಿ ಇಲ್ಲವೆಂದು ಪ್ರಿನ್ಸಿಪಾಲರ ಹತ್ತಿರ ಅಲವತ್ತುಕೊಂಡೆ. "ಅದಕ್ಕೇ ನಿಮ್ಮನ್ನ ಹಾಕಿರೋದು. ಗಂಧ ಇರೋರೆಲ್ಲ ಹಾಡು ಕೇಳ್ತಾ ಕೂತ್ಬಿಡ್ತಾರೆ. ಕುರ್ಚಿ ನೋಡ್ಕೊಳ್ಳೋರು ಯಾರು?" ಎಂದು ಎದೆಗೊಂದು ಬ್ಯಾಡ್ಜು ಚುಚ್ಚಿ ಕಳಿಸಿದರು.

ಕಛೇರಿ ಆರೂಕಾಲಿಗೆ. ರಾಯರು ಬಂದದ್ದು ಐದಕ್ಕೆ, ಪೆಂಡಾಲಿನವನು ಇನ್ನೂ ಕುರ್ಚಿ ಇಳಿಸುತ್ತಿದ್ದಾಗ. ಬಿಳೀ ಜುಬ್ಬ, ಹೆಗಲಿಗೆ ಬಟ್ಟೆ ಚೀಲ, ಅದರಲ್ಲಿ ನೀರಿನ ಬಾಟಲಿ, ಸುಡು ಬೇಸಗೆಯಲ್ಲೂ ಒಂದು ಮಫ್ಲರು. ಮೂರನೇ ಸಾಲಿನ ತುದಿಗೆ ಹೋಗಿ, ನಾಲ್ಕು ಕುರ್ಚಿಗಳನ್ನು ಒಂದೊಂದಾಗಿ ಅಲ್ಲಾಡಿಸಿ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ಕಾಲು ಪರೀಕ್ಷಿಸಿ, ಐದನೆಯದರಲ್ಲಿ ಕೂತರು.

"ಮುಂದೆ ಬನ್ನಿ ಸಾರ್, ಮೊದಲನೇ ಸಾಲೇ ಖಾಲಿ ಇದೆ" ಎಂದೆ, ಬ್ಯಾಡ್ಜಿನ ಮರ್ಯಾದೆಗೆ.

"ಮೊದಲನೇ ಸಾಲು ಗಣ್ಯರಿಗೆ. ಎರಡನೇದು ಗಣ್ಯರ ಮನೆಯೋರಿಗೆ. ಮೂರನೇದರಿಂದ ಕೇಳೋರು" ಎಂದರು.

ಏಳೂ ದಿನ ನೋಡಿದೆ, ಲೆಕ್ಕ ತಪ್ಪಲಿಲ್ಲ. ಶಾಲು, ಪೇಟ, ಹಣ್ಣಿನ ಬುಟ್ಟಿ, ಮುಖ್ಯ ಅತಿಥಿಗಳು 'ಎರಡೇ ಮಾತು' ಅಂತ ಆಡಿದ ಇಪ್ಪತ್ತು ನಿಮಿಷ ಮುಗಿದು ತಂಬೂರಿ ಮೀಟುವಷ್ಟರಲ್ಲಿ ಮುಂದಿನೆರಡು ಸಾಲು ಬೋಳಾಗಿರುತ್ತಿದ್ದವು. ಹಿಂದಿನ ಸಾಲುಗಳಲ್ಲಿ ಹಾಜರಿಯ ಆಸೆಗೆ ಬಂದ ನಮ್ಮ ಹುಡುಗರು ಮೊಬೈಲಿನ ಬೆಳಕಿನಲ್ಲಿ ಮಿನುಗುತ್ತಿದ್ದರು. ನಡುವೆ ರಾಯರು. ಅವರ ಪಕ್ಕದ ಕುರ್ಚಿಯಲ್ಲಿ ನಾನು. ನನ್ನನ್ನು ಕೈಹಿಡಿದು ಕೂರಿಸಿಕೊಂಡದ್ದು ಅವರೇ, ಸ್ನೇಹಕ್ಕಲ್ಲ. ಮೈಕಿನ ಬಗ್ಗೆ ದೂರು ಹೇಳಲು ಬ್ಯಾಡ್ಜಿರುವವನೊಬ್ಬ ಕೈಗೆಟಕುವ ದೂರದಲ್ಲಿರಬೇಕಿತ್ತು.

"ಮೈಕೇ ಇಲ್ಲದ ಕಾಲದಲ್ಲಿ ದೂರ ಕೇಳಿಸಬೇಕು ಅಂತ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕ್ಕೊಂಡ್ರು. ನಿಮ್ಮ ಮೈಕಿನವನಿಗೆ ಒಂದು ವೈರು ನೆಟ್ಟಗೆ ಹಾಕಕ್ಕೆ ಬರಲ್ಲ, ಹೋಗಿ ಹೇಳಿ" ಎಂದು ಅಟ್ಟುತ್ತಿದ್ದರು. ನಾನು ಹೋಗಿ ಹೇಳುತ್ತಿದ್ದೆ. ಮೈಕಿನವನು ಯಾವುದೋ ಗುಂಡಿಯನ್ನು ತಿರುಗಿಸಿದಂತೆ ಮಾಡುತ್ತಿದ್ದ. ರಾಯರು ಅಲ್ಲಿಂದಲೇ ಕೈಯೆತ್ತಿ 'ಈಗ ಸರಿ' ಎನ್ನುತ್ತಿದ್ದರು.

ಆದರೆ ರಾಯರ ನಿಜವಾದ ಕೆಲಸ ಶುರುವಾಗುವುದು ಆಲಾಪನೆಯ ಜೊತೆಗೆ. ಗಾಯಕರು ಬಾಯಿ ತೆರೆದ ಕೂಡಲೇ ಇವರು ಕಣ್ಣು ಮುಚ್ಚುತ್ತಾರೆ. ಬಲಗಿವಿ ವೇದಿಕೆಯತ್ತ ವಾಲುತ್ತದೆ. ಹುಬ್ಬು ಗಂಟಿಕ್ಕುತ್ತದೆ. ಪಕ್ಕದ ಮನೆಗೆ ಬಂದ ನೆಂಟರು ಯಾರೆಂದು ಗೋಡೆಗೆ ಕಿವಿಯಿಟ್ಟವರ ಮುಖ ಅದು. ಮೂರನೆಯದೋ ನಾಲ್ಕನೆಯದೋ ಸಂಚಾರಕ್ಕೆ ಹುಬ್ಬು ಸಡಿಲವಾಗಿ, ಉಸಿರು ಹೊರಬಂದು, "ಹಾಂ, ಬಂತು" ಎನ್ನುತ್ತಾರೆ. ಆಹ್ವಾನ ಪತ್ರಿಕೆಯ ಮೂಲೆಯನ್ನು ಉಗುರಿನಿಂದ ಗೀರಿ ಹರಿದು, ಜುಬ್ಬದ ಜೇಬಿನ ಪೆನ್ನು ತೆಗೆದು ರಾಗದ ಹೆಸರು ಬರೆದು, ಕೆಳಗೆ ಗೆರೆ ಎಳೆದು, ಮಡಿಸಿ, ನನ್ನ ಅಂಗೈಗೆ ತುರುಕುತ್ತಾರೆ. ಚೀಟಿಯ ಮೇಲೆ ಒಂದು ಅಂಕಿ ಕೂಡ. 'ಮೋಹನ, 28.'

"ಏನು ಸಾರ್ ಇಪ್ಪತ್ತೆಂಟು? ಮಾರ್ಕ್ಸಾ?"

ರಾಯರು ನನ್ನನ್ನು ನೋಡಿದ ನೋಟ ನಾನು ಫೇಲಾದ ಹುಡುಗರನ್ನು ನೋಡುವಂಥದು. "ಮನೆ ನಂಬರು. ಎಪ್ಪತ್ತೆರಡು ಮೇಳಕರ್ತ ಅಂದ್ರೆ ಎಪ್ಪತ್ತೆರಡು ಮನೆ. ಇಪ್ಪತ್ತೆಂಟನೇದು ಹರಿಕಾಂಭೋಜಿ. ಮೋಹನ ಆ ಮನೆ ಮಗು. ಕಾಂಭೋಜೀನೂ ಅದೇ ಮನೆ. ಇಪ್ಪತ್ತೊಂಬತ್ತು ಶಂಕರಾಭರಣ, ದೊಡ್ಡ ಕುಟುಂಬ ರೀ ಅದು. ಹಂಸಧ್ವನಿ, ಬಿಲಹರಿ, ಆರಭಿ, ಎಲ್ಲಾ ಅವರ ಪೈಕೀನೇ."

"ಹಿಂದೋಳ?" ಎಂದೆ, ನನಗೆ ಗೊತ್ತಿದ್ದ ನಾಲ್ಕನೇ ರಾಗದ ಹೆಸರು ಅದಾದ್ದರಿಂದ.

ರಾಯರು ದನಿ ತಗ್ಗಿಸಿದರು. "ಅದೊಂದು ವ್ಯಾಜ್ಯ. ಕೆಲವರು ಇಪ್ಪತ್ತನೇ ಮನೆ ನಟಭೈರವಿ ಅಂತಾರೆ, ಕೆಲವರು ಎಂಟನೇ ಮನೆ ತೋಡಿ ಅಂತಾರೆ. ಒಳ್ಳೇ ಹುಡುಗ ನೋಡಿ, ಎರಡು ಕಡೆಯೋರೂ ನಮ್ಮೋನೇ ಅಂತಾರೆ."

ಅಲ್ಲಿಗೆ ನನಗೆ ಅರ್ಥವಾಯಿತು. ರಾಯರು ಸಂಗೀತ ಕೇಳಲು ಬಂದಿರಲಿಲ್ಲ, ಮದುವೆ ಮನೆಗೆ ಬಂದಿದ್ದರು. ವರಸೆ ಗೊತ್ತಾಗುವವರೆಗೆ ಅವರಿಗೆ ಸಮಾಧಾನವಿಲ್ಲ. ಗೊತ್ತಾದಮೇಲೆ ಉಳಿದದ್ದೆಲ್ಲ ಬರೀ ಊಟ.

ಊಟವಾದರೂ ಕೈ ಸುಮ್ಮನಿರುವುದಿಲ್ಲ. ತಾಳ ಬೇಕಲ್ಲ! ಆದಿತಾಳವಾದರೆ ತೊಂದರೆಯಿಲ್ಲ. ಒಂದು ಪೆಟ್ಟು, ಕಿರುಬೆರಳು, ಉಂಗುರ, ನಡುಬೆರಳು, ಆಮೇಲೆ ಪೆಟ್ಟು, ಬೀಸು, ಪೆಟ್ಟು, ಬೀಸು. ಎಂಟಕ್ಕೆ ಎಂಟು. ಮೊದಲು ಸ್ವಂತ ತೊಡೆಯ ಮೇಲೆ, ಪಲ್ಲವಿ ಏರಿದಂತೆ ಕುರ್ಚಿಯ ಕೈಮೇಲೆ, ಅನುಪಲ್ಲವಿಗೆ ನನ್ನ ತೊಡೆಯ ಮೇಲೆ. ನವರತ್ನದುಂಗುರದ ಕೈ. ಚರಣದ ಹೊತ್ತಿಗೆ ನಾನು ಕಾಲು ಮಡಿಸಿ ಕೂರುತ್ತಿದ್ದೆ.

ಮೂರನೇ ದಿನ ಪ್ರಧಾನ ಕೃತಿ ಮಿಶ್ರಛಾಪು ತಾಳದ್ದು. ಮೂರು, ನಾಲ್ಕು, ಒಟ್ಟು ಏಳರ ಕುಂಟು ನಡೆ. ತನಿ ಆವರ್ತನ ಶುರುವಾದ ಕೂಡಲೇ ಅರ್ಧ ಪೆಂಡಾಲು ಕಾಫಿಗೆ ಎದ್ದಿತು. "ಪಾಯಸ ಬಡಿಸೋ ಹೊತ್ತಿಗೆ ಎಲೆ ಬಿಟ್ಟು ಏಳೋ ಜನ" ಎಂದು ರಾಯರು ಬೈದು, ಜನ ಬಿಟ್ಟುಹೋದ ತಾಳದ ಹೊಣೆಯನ್ನೆಲ್ಲ ಒಬ್ಬರೇ ಹೊತ್ತರು. ಮೃದಂಗದವರು ಒಂದು ಸುತ್ತು, ಘಟದವರು ಒಂದು ಸುತ್ತು. ಸುತ್ತು ಸಣ್ಣದಾಗುತ್ತ ಇಬ್ಬರೂ ಕೂಡಿ ಓಡತೊಡಗಿದಾಗ ರಾಯರ ಅಂಗೈ ಎಲ್ಲೋ ಒಂದು ಎಣಿಕೆ ನುಂಗಿತು. ಕೊನೆಯ ಮುಕ್ತಾಯ ಮೂರು ಸಲ ಬಂದು ವೇದಿಕೆಯವರೆಲ್ಲ ಒಟ್ಟಿಗೆ ದಬ್ ಎಂದು ಇಳಿದರು. ರಾಯರು ಒಂದು ಗಳಿಗೆ ತಡವಾಗಿ, ಒಬ್ಬರೇ ಇಳಿದರು. ಪೆಂಡಾಲಿನಲ್ಲಿ ಅದೊಂದೇ ಪೆಟ್ಟು ಸ್ಪಷ್ಟವಾಗಿ ಕೇಳಿಸಿತು. ಮೃದಂಗದವರು ತಲೆಯೆತ್ತಿ ನೋಡಿದರು. ರಾಯರೂ ನೋಡಿ, ಪರವಾಗಿಲ್ಲ, ಚಿಕ್ಕ ವಯಸ್ಸು, ತಿದ್ದಿಕೊಳ್ಳಲಿ ಎಂಬಂತೆ ತಲೆಯಾಡಿಸಿದರು.

ನಾಲ್ಕನೇ ದಿನ ಒಬ್ಬ ಹುಡುಗ ನಿರೋಷ್ಠ ರಾಗದ ಕೃತಿ ಹಾಡಿದ. ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ಮುತ್ತಯ್ಯ ಭಾಗವತರ ರಾಗ ಅದು. ಮಧ್ಯಮ, ಪಂಚಮ ಎರಡೂ ಇಲ್ಲ. 'ಮ', 'ಪ' ಇಲ್ಲವೆಂದಮೇಲೆ ಸ್ವರ ಹಾಡುವಾಗ ತುಟಿಗೆ ತುಟಿ ತಾಕುವ ಪ್ರಸಂಗವೇ ಇಲ್ಲ, ಅದಕ್ಕೇ ಆ ಹೆಸರು. ಇದನ್ನೆಲ್ಲ ನನಗೆ ಹೇಳಿದವರು ರಾಯರೇ, ಹುಡುಗ ಹಾಡುತ್ತಿರುವಾಗಲೇ, ಹಾಡು ಮುಗಿಯುವವರೆಗೆ. ಹಾಡುವವನ ತುಟಿ ಕೂಡದ ಆ ರಾಗಕ್ಕೆ ರಾಯರ ತುಟಿಯೂ ಒಂದು ಗಳಿಗೆ ಕೂಡಲಿಲ್ಲ.

ಅನಾಹುತವಾದದ್ದು ಐದನೇ ದಿನ. ವಂದನಾರ್ಪಣೆ ಮಾಡಬೇಕಾಗಿದ್ದ ಕನ್ನಡ ಮೇಡಂಗೆ ಜ್ವರ ಬಂದು ಆ ಕೆಲಸ ನನ್ನ ತಲೆಗೆ ಬಿತ್ತು. ಪೆಂಡಾಲಿನವರಿಗೂ ಮೈಕಿನವರಿಗೂ ವಂದನೆ ಹೇಳುವುದು ಕಷ್ಟವಲ್ಲ. ಹಾಡಿದ ವಿದುಷಿಗೆ ಏನು ಹೇಳುವುದು? 'ಚೆನ್ನಾಗಿ ಹಾಡಿದರು' ಎನ್ನಲು ನಾನು ಯಾರು? ಅಷ್ಟರಲ್ಲಿ ಅಂಗೈಗೆ ಚೀಟಿ ಬಂತು. 'ನಾಯಕಿ, 22.' ದೇವರು ಕಳಿಸಿದ ಹಾಗಿತ್ತು. ಜೇಬಿಗಿಟ್ಟುಕೊಂಡು, ಪಕ್ಕವಾದ್ಯದವರ ಕಾಫಿ ನೋಡಲು ವೇದಿಕೆಯ ಹಿಂದಕ್ಕೆ ಹೋದೆ.

ನಾನು ಹೋದ ಮೇಲೆ ನಡೆದದ್ದು ಇಷ್ಟು. ಆಲಾಪನೆ ಬೆಳೆದು ಕೃತಿ ಶುರುವಾದ ಕೂಡಲೇ ರಾಯರಿಗೆ ಎದೆ ಧಸಕ್ಕೆಂದಿತು. ರಾಗ ನಾಯಕಿಯಲ್ಲ, ದರ್ಬಾರು. ಆತುರಾತುರವಾಗಿ ಇನ್ನೊಂದು ಚೀಟಿ ಬರೆದು, ಓಡಾಡುತ್ತಿದ್ದ ಸ್ವಯಂಸೇವಕ ಹುಡುಗನ ಕೈಗೆ ಕೊಟ್ಟು, "ಹಿಂದೆ ಇದ್ದಾರಲ್ಲ, ಅವರಿಗೆ ಕೊಡು" ಎಂದರು. ಹಿಂದೆ ಇದ್ದವನು ಕಾಫಿ ಕಂಟ್ರಾಕ್ಟರು. ಅವನು ಚೀಟಿ ಬಿಚ್ಚಿ, 'ದರ್ಬಾರ್' ಅಂದರೆ ಸ್ಟಾಫ್‌ರೂಮಿರಬೇಕೆಂದುಕೊಂಡು ಇಪ್ಪತ್ತೆರಡು ಕಾಫಿಯನ್ನು ಅಲ್ಲಿಗೆ ಕಳಿಸಿದ.

ನಾನು ಮೈಕಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, "ವಿಶೇಷವಾಗಿ ಇಂದಿನ ನಾಯಕಿ ರಾಗವನ್ನು ನಾವು ಬಹುಕಾಲ ಮರೆಯಲಾರೆವು" ಎಂದೆ. ಮೂರನೇ ಸಾಲಿನಿಂದ ಆಚೆಗೆ ಒಂದು ಬಗೆಯ ಮೌನ ಹಬ್ಬಿತು. ವಿದುಷಿ ದೊಡ್ಡ ಮನಸ್ಸಿನವರು. ತಂಬೂರಿ ಮಲಗಿಸಿ, ನಗುತ್ತ, "ನಾನು ದರ್ಬಾರ್ ಅಂದ್ಕೊಂಡು ಹಾಡಿದ್ದೆ. ಮೇಷ್ಟ್ರಿಗೆ ನಾಯಕಿ ಕೇಳಿಸಿದ್ರೆ ತಪ್ಪು ನಂದೇ ಇರಬೇಕು" ಎಂದರು. ಏಳು ದಿನದಲ್ಲಿ ಹಿಂದಿನ ಸಾಲಿನ ಹುಡುಗರು ಮನಸಾರೆ ಚಪ್ಪಾಳೆ ಹೊಡೆದದ್ದು ಆಗ ಮಾತ್ರ. ಪ್ರಿನ್ಸಿಪಾಲರು ಸ್ಟಾಫ್‌ರೂಮಿನಲ್ಲಿ ಇಪ್ಪತ್ತೆರಡು ಕಾಫಿಯ ಮುಂದೆ ಕೂತು ನನಗಾಗಿ ಕಾಯುತ್ತಿದ್ದರು.

ಮರುದಿನ ರಾಯರು ಬರಲಿಕ್ಕಿಲ್ಲ ಎಂದುಕೊಂಡೆ. ಐದಕ್ಕೇ ಬಂದು ಕುರ್ಚಿ ಅಲ್ಲಾಡಿಸುತ್ತಿದ್ದರು.

"ಏನು ಸಾರ್ ಹೀಗೆ ಮಾಡಿಬಿಟ್ರಿ?"

"ಏನಾಯ್ತೀಗ? ಇಬ್ಬರೂ ಇಪ್ಪತ್ತೆರಡನೇ ಮನೆ, ಖರಹರಪ್ರಿಯ. ಅಕ್ಕತಂಗೀರು. ಮುಸ್ಸಂಜೇಲಿ ದೂರದಿಂದ ನೋಡಿದ್ರೆ ಎಂಥೋರಿಗೂ ಅದಲುಬದಲಾಗತ್ತೆ." ಹಾಗೆಂದವರು ತುಸು ಹೊತ್ತು ಸುಮ್ಮನಿದ್ದರು. ಪೆಂಡಾಲಿನವನು ಜಮಖಾನ ಕೊಡವುತ್ತಿದ್ದ. ರಾಯರು ಮಫ್ಲರು ಸರಿಸಿ, ಎಡಗೈಯನ್ನು ಕಿವಿಗೆ ಆತುಕೊಂಡು, ನನಗೊಬ್ಬನಿಗೇ ಕೇಳುವಷ್ಟು ಸಣ್ಣಗೆ ಎರಡು ಸಾಲು ಎಳೆದರು. ಒಡೆದ ದನಿ, ಮೇಲಕ್ಕೆ ಹೋದಾಗ ಗಾಳಿ ಮಾತ್ರ. "ಇದು ನಾಯಕಿ. ನಿಧಾನ. ಸೆರಗು ಹೊದ್ದು ಬಾವಿಯಿಂದ ನೀರು ತರ್ತಾಳಲ್ಲ, ಹಾಗೆ." ಇನ್ನೆರಡು ಸಾಲು. "ಇದು ದರ್ಬಾರ್. ನೋಡಿ, ಇಳಿಯೋವಾಗ ಗಾಂಧಾರದ ಮೇಲೆ ಎರಡು ಸಲ ಹೆಜ್ಜೆ ಇಡತ್ತೆ. ಗಗರಿಸ. ರಾಜನ ಮುಂದೆ ಹೋಗೋ ಠೀವಿ."

ನನಗೆ ಕೇಳಿಸಿತು. ಮೂವತ್ತು ವರ್ಷ ಬಣ್ಣವಿಲ್ಲದ ದ್ರಾವಣಗಳನ್ನು ಒಂದರಿಂದೊಂದು ಬೇರೆ ಮಾಡುವುದನ್ನು ಕಲಿಸಿದವನಿಗೆ, ನೋಡಲು ಒಂದೇ ಥರದ ಎರಡು ನೀರಿನಲ್ಲಿ ಒಂದಕ್ಕೆ ಹನಿ ಬಿದ್ದು ಬಣ್ಣ ಬಂದ ಹಾಗಾಯಿತು.

"ಇಷ್ಟು ಸಲೀಸಾಗಿ ಗೊತ್ತಾಗತ್ತಲ್ಲ ಸಾರ್, ನಿನ್ನೆ ನಿಮಗೆ ಹೇಗೆ ತಪ್ಪಿತು?"

ರಾಯರು ಪೆನ್ನಿನ ಕ್ಯಾಪು ತೆಗೆದರು, ಹಾಕಿದರು. "ಆ ಗಗರಿಸ ಬಂದಾಗ ನಾನು ಚೀಟಿ ಬರೀತಾ ಇದ್ದೆ" ಎಂದರು.

ಕೊನೆಯ ದಿನ ಪೆನ್ನು ತಂದಿರಲಿಲ್ಲ. ಜುಬ್ಬದ ಜೇಬು ಬೋಳಾಗಿ ಕಾಣುತ್ತಿತ್ತು. ಆಲಾಪನೆ ಶುರುವಾಯಿತು. ಕಣ್ಣು ಮುಚ್ಚಿದರು, ಕಿವಿ ವಾಲಿತು, ಹುಬ್ಬು ಗಂಟಿಕ್ಕಿ ಸಡಿಲವಾಯಿತು. ಆದರೂ ಮಾತಿಲ್ಲ. ಬೆರಳುಗಳು ಮಾತ್ರ ಆಹ್ವಾನ ಪತ್ರಿಕೆಯ ಮೂಲೆಯನ್ನು ಸುರುಳಿ ಸುತ್ತಿ ಬಿಚ್ಚಿ ಮಾಡುತ್ತಿದ್ದವು. ನನ್ನ ಗಡಿಯಾರದ ಪ್ರಕಾರ ಹನ್ನೊಂದು ನಿಮಿಷ ತಡೆದರು. ಹನ್ನೆರಡನೆಯ ನಿಮಿಷಕ್ಕೆ, ಸೀನು ತಡೆಯಲಾಗದವರ ಹಾಗೆ, "ತೋಡಿ, ಎಂಟು" ಎಂದುಬಿಟ್ಟು, ಬಾಯಿಗೆ ಮಫ್ಲರು ಒತ್ತಿಕೊಂಡರು.

ಮಂಗಳ ಮುಗಿದು, ಕೋಸಂಬರಿ ಪಾನಕವಾಗಿ, ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ಪೇರಿಸುವಾಗ ರಾಯರು ಹೊರಟರು. ಬಸ್‌ಸ್ಟಾಪಿನವರೆಗೆ ಬಿಟ್ಟು ಬರೋಣವೆಂದು ಜೊತೆಗೆ ನಡೆದೆ. ಬೆಂಚಿನ ಮೇಲೆ ಪಕ್ಕಪಕ್ಕದಲ್ಲಿ ಕೂತಾಗ ಹೊಳೆಯಿತು. ಏಳು ಸಂಜೆ ಒಬ್ಬರ ಪಕ್ಕ ಒಬ್ಬರು ಕೂತಿದ್ದೇವೆ, ನನಗೆ ಇವರ ಹೆಸರು ಗೊತ್ತಿಲ್ಲ. ಯಾವ ಆಫೀಸಿನಲ್ಲಿದ್ದರೋ, ಎಷ್ಟು ಮಕ್ಕಳೋ, ಈ ಏರಿಯಾದವರೋ, ದೂರದಿಂದ ಬರುತ್ತಾರೋ. ಎಪ್ಪತ್ತೆರಡು ಮನೆಗಳ ಒಳಹೊರಗು ಬಲ್ಲ ಮನುಷ್ಯನ ಮನೆ ಎಲ್ಲಿ? ಅವರೂ ನನ್ನನ್ನು 'ಕೆಮಿಸ್ಟ್ರಿಯವರೇ' ಎಂದದ್ದು ಬಿಟ್ಟರೆ ಒಂದು ದಿನ ಏನೂ ಕೇಳಿದವರಲ್ಲ.

ಬಸ್ಸು ಬಂತು. ರಾಯರು ಚೀಲ ಹೆಗಲಿಗೇರಿಸಿ ಹತ್ತಿ, ಕಿಟಕಿಯ ಪಕ್ಕ ಕೂತು, "ಮುಂದಿನ ವರ್ಷ ಆ ಮೈಕಿನವನನ್ನ ಬದಲಾಯಿಸಿ" ಎಂದರು. ಕಂಡಕ್ಟರು ಅವರ ಹತ್ತಿರ ಬಂದು, "ಎಲ್ಲಿಗೆ ಯಜಮಾನ್ರೇ?" ಎಂದ. ನಾನು ಕಿಟಕಿಗೆ ಕಿವಿಯಿಟ್ಟೆ. ರಾಯರು ಊರಿನ ಹೆಸರೋ ಬಡಾವಣೆಯ ಹೆಸರೋ ಏನೋ ಹೇಳಿದರು. ಸರಿಯಾಗಿ ಆಗಲೇ ಡ್ರೈವರು ಹಾರನ್ನು ಒತ್ತಿದ. ಬಸ್ಸು ಹೊರಟಾಗ ರಾಯರ ತಲೆ ಆ ದನಿಯ ಕಡೆಗೆ ವಾಲಿತ್ತು, ಹುಬ್ಬು ಗಂಟಿಕ್ಕಿತ್ತು.