ಮೂಲರೋಮ ಮೀಮಾಂಸೆ

1112ರಲ್ಲಿ ನಿರ್ಮಿತವಾದ ಇಟಗಿಯ ಮಹಾದೇವ ದೇವಾಲಯದ ಶಿಖರವನ್ನು ಕತ್ತೆತ್ತಿ ನೋಡಿ ಧನ್ಯರಾದ, ಆನೆಗೊಂದಿಯ ಬಂಡೆಗಳನ್ನು ಹತ್ತಿಳಿದು ಲೇಖನಗಳನ್ನು ಬರೆದ ವಿದ್ವಜ್ಜನರು, ತಾವು ನಿಂತ ನೆಲದೊಳಗೆ ಜೋಳದ ಬೇರಿನ ಮೈಮೇಲೆ ಅಸಂಖ್ಯವಾಗಿ ಮೂಡಿರುವ ರೋಮಗಳನ್ನು ಕುರಿತು ಒಂದು ಭಾಷ್ಯವನ್ನೂ ರಚಿಸದೆ ಹೋದರೆಂಬುದು ಪರಮ ಶೋಚನೀಯವಾದ ಸಂಗತಿ. ಯಾರೂ ಕೇಳದ ಆ ಕೊರತೆಯನ್ನು ತುಂಬುವುದೇ ಪ್ರಕೃತ ಗ್ರಂಥದ ಪ್ರಯೋಜನ.

ಮೊದಲು ಲಕ್ಷಣ. ಬೇರಿನ ಹೊರಪದರದ ಒಂದೇ ಒಂದು ಜೀವಕೋಶವು ಹೊರಕ್ಕೆ ಚಾಚಿ, ತುದಿಯಲ್ಲಿ ಮಾತ್ರ ಬೆಳೆಯುತ್ತ, ಒಂದು ಮಿಲಿಮೀಟರಿನ ಆಸುಪಾಸಿನವರೆಗೆ ನೀಳವಾದರೆ ಅದು ಮೂಲರೋಮವೆನಿಸುವುದು. ಅದರ ಆಯುಸ್ಸು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಬೇರು ಮುಂದರಿದಂತೆ ಹಿಂದಿನವು ನಶಿಸಿ ಮುಂದೆ ಹೊಸವು ಹುಟ್ಟುವುದರಿಂದ ಬಡ್ತಿ, ವರ್ಗಾವಣೆ, ನಿವೃತ್ತಿವೇತನಗಳ ತಗಾದೆಯೇ ಉದ್ಭವಿಸದು. 1937ರಲ್ಲಿ ಡಿಟ್‌ಮರ್ ಎಂಬ ಅಮೆರಿಕದ ಸಸ್ಯಶಾಸ್ತ್ರಜ್ಞನು ಒಂದೇ ಒಂದು ರೈ ಗಿಡದಲ್ಲಿ ಸುಮಾರು 1,400 ಕೋಟಿ ರೋಮಗಳಿವೆಯೆಂದೂ, ಅವುಗಳನ್ನು ಸಾಲಾಗಿಟ್ಟರೆ 10,000 ಕಿಲೋಮೀಟರಿಗೂ ಮಿಗುವುದೆಂದೂ ಗಣಿಸಿದನು. ಅಷ್ಟರಲ್ಲಿ ಕೊಪ್ಪಳದಿಂದ ಯಲಬುರ್ಗಾಕ್ಕೆ ಎಷ್ಟು ಬಾರಿ ಹೋಗಿಬರಬಹುದೆಂಬುದನ್ನು ಬಸ್ಸಿಗೆ ಕಾಯುತ್ತಿರುವವರು ವಿರಾಮವಾಗಿ ಲೆಕ್ಕಹಾಕಲಿ.

ಇಲ್ಲಿ ಗಂಗಾವತಿಯ ಪೂರ್ವಪಕ್ಷವೊಂದುಂಟು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಭತ್ತದ ಬುಡದಲ್ಲಿಯೇ ನಿಂತಿರಲು ಬೇರಿಗೂ ನೀರಿಗೂ ಭೇದವೆಲ್ಲಿಯದು? ನಿಂತ ನೀರಿನಲ್ಲಿ ರೋಮಗಳು ಮೊಟಕಾಗಿ ವಿರಳವಾಗುವುದೇ ಈ ಜಲಾದ್ವೈತಕ್ಕೆ ಪ್ರಮಾಣವಲ್ಲವೆ? ಅಲ್ಲ. ಸಸಿಮಡಿಯಿಂದ ಕಿತ್ತು, ಬೇರಿನ ಮಣ್ಣನ್ನು ಜಾಡಿಸಿ, ಕಟ್ಟು ಕಟ್ಟಿ ನಾಟಿ ಮಾಡಿದ ಪೈರು, ಎಳೆಬೇರುಗಳೊಡನೆ ರೋಮಗಳೂ ಹರಿದುಹೋದ ಕಾರಣ, ನೀರಿನ ನಡುವೆಯೇ ಕೆಲವು ದಿನ ಹಳದಿಗಟ್ಟಿ ಸೊರಗಿ, ಹೊಸ ಬೇರು ಬಿಟ್ಟ ಮೇಲೆ ಹಸಿರಾಗುವುದನ್ನು ನೋಡಿದವರು ಕುಡಿಯಲು ಬಾಯಿಲ್ಲದ ಅದ್ವೈತವನ್ನು ಒಪ್ಪಲಾರರು.

ಸಿದ್ಧಾಂತಪಕ್ಷವು ಕುಷ್ಟಗಿ, ಯಲಬುರ್ಗಾಗಳ ಎರೆಹೊಲದಲ್ಲಿದೆ. ಅಲ್ಲಿಯದು ಪ್ರಖರ ದ್ವೈತ: ಜಿಗುಟು ಮಣ್ಣು ತನ್ನೊಳಗೆ ಹಿಡಿದ ತೇವವನ್ನು ಸುಲಭವಾಗಿ ಬಿಟ್ಟುಕೊಡದು, ಹಿಂಗಾರಿ ಜೋಳವಾದರೋ ಆ ತೇವವನ್ನೇ ನಂಬಿ ಬೆಳೆಯತಕ್ಕದ್ದು. ದಪ್ಪ ಬೇರು ನುಸುಳಲಾರದ ಮಣ್ಣಿನ ಸಂದುಗಳಲ್ಲಿ ರೋಮವು ನುಸುಳಿ ನೀರನ್ನೂ ರಂಜಕವನ್ನೂ ಹೀರುವುದು. ರಂಜಕ ಕಡಿಮೆಯಾದಷ್ಟೂ ರೋಮಗಳು ನೀಳವಾಗಿ ದಟ್ಟವಾಗುವುವು. ಕೊರತೆ ಕಂಡೊಡನೆ ಅರ್ಜಿ ಗುಜರಾಯಿಸದೆ ತಾನೇ ಕೈಚಾಚುವ ಸಿಬ್ಬಂದಿಯು ಭೂಮಿಯ ಮೇಲ್ಭಾಗದಲ್ಲಿ ದುರ್ಲಭ. ಇಷ್ಟೇ ಅಲ್ಲದೆ ಜೋಳದ ರೋಮಾಗ್ರದಲ್ಲಿ ಸಾರ್ಗೋಲಿಯೋನ್ ಎಂಬ ಹಳದಿ ಎಣ್ಣೆಯ ಹನಿ ಒಸರಿ ನೆರೆಯ ಕಳೆಯ ಏಳಿಗೆಯನ್ನು ಕುಂಠಿತಗೊಳಿಸುವುದು. ಕಡಲೆಯ ರೋಮವು ಡೊಂಕಾಗಿ ರೈಜೋಬಿಯಂ ಎಂಬ ಅಣುಜೀವಿಯನ್ನು ತಬ್ಬಿ ಒಳಗೆ ಕರೆದುಕೊಳ್ಳುವುದು. ಅತಿಥಿಯು ಗಂಟುಗಳಲ್ಲಿ ನೆಲೆಸಿ ಗಾಳಿಯ ಸಾರಜನಕದಿಂದ ಬಾಡಿಗೆ ಸಲ್ಲಿಸುವನು. ಶೇಂಗಾದಲ್ಲಿ ಮಾತ್ರ ಅವನು ಕವಲುಬೇರು ಹೊರಟ ಬಿರುಕಿನ ಹಿಂಬಾಗಿಲಿನಿಂದ ಪ್ರವೇಶಿಸುವನೆಂಬುದು ಶಾಸ್ತ್ರಕ್ಕೆ ಕಳಂಕವಲ್ಲ, ಅಪವಾದ.

ಇನ್ನು ಶಬ್ದಪ್ರಮಾಣ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಅಶೋಕನು, ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಉದ್ಯೋಗಶೀಲನಾದ ಅಲ್ಪನಿಗೂ ಸಾಧ್ಯವೆಂಬ ಅಭಿಪ್ರಾಯವನ್ನು ಕೊರೆಯಿಸಿದ್ದಾನೆ. ಅಲ್ಲಿ ಮೂಲರೋಮದ ಹೆಸರಿಲ್ಲವೆಂದು ಕೆಲವರು ಕುಚೋದ್ಯ ಮಾಡಬಹುದು. ಸರ್ವವಿದಿತವಾದುದನ್ನು ಕಲ್ಲಿನ ಮೇಲೆ ವಿಸ್ತರಿಸುವ ಪದ್ಧತಿ ಚಕ್ರವರ್ತಿಗಳಲ್ಲಿಲ್ಲ.

ಫಲಶ್ರುತಿ: ಈ ಮೀಮಾಂಸೆಯನ್ನು ಮನನ ಮಾಡಿದವನು ಸಸಿ ಕೀಳುವ ಮುನ್ನ ಮಡಿಗೆ ನೀರು ಹಾಯಿಸುವನು, ಬೆಳೆದ ಜೋಳದ ಬುಡಕ್ಕೆ ಎಡೆಕುಂಟೆಯನ್ನು ಒತ್ತಿ ಹೊಡೆಯನು. ಇವೆರಡನ್ನೂ ಈ ಸೀಮೆಯ ರೈತನು ಬಹುಕಾಲದಿಂದ ಮಾಡಿಕೊಂಡೇ ಬಂದಿದ್ದಾನಲ್ಲಾ ಎಂಬ ಆಕ್ಷೇಪವನ್ನು, ಇನ್ನೂ ಹುಟ್ಟದ ಶಾಸ್ತ್ರವನ್ನು ಲೋಕವು ಶ್ರದ್ಧೆಯಿಂದ ಮುಂಚಿತವಾಗಿಯೇ ಪಾಲಿಸಿದುದಕ್ಕೆ ನಿದರ್ಶನವೆಂದು ಪರಿಗ್ರಹಿಸತಕ್ಕದ್ದು.