ಗಾಳಿ ತುರುಕುವ ಗಡಿಬಿಡಿ

ದುಬೈಯಿಂದ ಕುಮಟಾಕ್ಕೆ ಬಂದ ಅಳಿಯ ಚೀಲ ಇಳಿಸುವ ಮೊದಲೇ ಕೇಳಿದ: "ಮಾವ, ನನ್ನ ಆರ್‌ಎಕ್ಸ್-8 ಕಾರಿಗೆ ಟರ್ಬೊ ಹಾಕಿಸ್ಲೋ, ಸೂಪರ್‌ಚಾರ್ಜರೋ?" ಅವನಿಗೆ ಹೆಣ್ಣು ನೋಡುವಾಗಲೂ ಯಾರೂ ನನ್ನನ್ನು ಇಷ್ಟು ಗೌರವದಿಂದ ಕೇಳಿರಲಿಲ್ಲ.

ಹೊನ್ನಾವರದ ಹೋಟೆಲಿನಲ್ಲಿ ಬನ್ಸ್ ಮುರಿಯುತ್ತ ಅವನ ಪಾಠ ಶುರುವಾಯಿತು. ಮಜ್ದಾ ಕಂಪನಿಯ ಈ ಕಾರಿನ ಎಂಜಿನ್ನಿಗೆ ಪಿಸ್ಟನ್ನೇ ಇಲ್ಲ. ಹೊಟ್ಟೆ ಉಬ್ಬಿದ ತ್ರಿಕೋನ, ಒರಳಲ್ಲಿ ಗುಂಡುಕಲ್ಲು ಹೊರಳಿದ ಹಾಗೆ ಹೊರಳುತ್ತದೆ. ಗಾತ್ರ ಬರೀ 1.3 ಲೀಟರು. ಗಾಳಿ ಹೆಚ್ಚು ತುರುಕಿದರೆ ಪೆಟ್ರೋಲೂ ಹೆಚ್ಚು ಉರಿದು ಶಕ್ತಿ ಬರುತ್ತದೆ. ಟರ್ಬೊ ತಿರುಗುವುದು ಹೊರಗೆ ಹೋಗುವ ಹೊಗೆಯ ಬಲದಲ್ಲಿ, ಆ ಬಲ ಕೂಡುವ ತನಕ ಕಾಯಬೇಕು. ಸೂಪರ್‌ಚಾರ್ಜರನ್ನು ಎಂಜಿನ್ನೇ ಬೆಲ್ಟು ಕಟ್ಟಿ ತಿರುಗಿಸಬೇಕು.

"ಅಂದ್ರೆ ಒಂದು ಕರೆದ ಮೇಲೆ ತುಸು ತಡೆದು ಬರೋ ಆಳು, ಇನ್ನೊಂದು ಓಡೋಡಿ ಬಂದು ಮುಂಗಡ ಕೂಲಿ ಕೇಳೋ ಆಳು" ಎಂದೆ.

1991ರ ಆರ್‌ಎಕ್ಸ್-7ಗೆ ಕಂಪನಿಯೇ ಜೋಡಿ ಟರ್ಬೊ ಇಟ್ಟಿತ್ತಂತೆ: ಮೊದಲು ಒಂದು, ವೇಗ ಏರಿದ ಮೇಲೆ ಜೊತೆಗೆ ಇನ್ನೊಂದು. "ಅದೇ ವರ್ಷ ಲೆ ಮಾನ್ಸ್ ರೇಸ್ ಗೆದ್ದ ಮಜ್ದಾ 787ಬಿಗೆ?" ಎಂದೆ. ಟರ್ಬೊ ಇರಲಿಲ್ಲ. ಅಳಿಯ ಗಪ್‌ಚಿಪ್. ಗಾಳಿ ಅತಿಯಾದರೆ ತ್ರಿಕೋನದ ತುದಿಯ ಸೀಲು ಮುರಿಯುತ್ತದೆಂಬುದನ್ನೂ ಅವನೇ ಒಪ್ಪಿಕೊಂಡ.

ಭಟ್ಕಳದ ಬಿರಿಯಾನಿ ನೆನೆಸಿಕೊಂಡು ನನ್ನ ಹಳೇ ಮಾರುತಿಯಲ್ಲಿ ಹೊರಟೆವು. ಹೆದ್ದಾರಿ 66ರಲ್ಲಿ ಮುಂದೆ ಮೀನು ಲಾರಿ, ದಾರಿಯನ್ನೇ ಬಿಡದು. ಗಾಳಿ ತುರುಕಿತು, ನಿಜ. ಎಂಜಿನ್ನಿಗಲ್ಲ, ನಮ್ಮ ಮೂಗಿಗೆ!